ಮುಖವಾಡದ ಹಿಂದಿನ ಹುಡುಗಿ

ಸೊಂಟಕ್ಕೆ ಎರಡು ಪಿಸ್ತೂಲು, ಕಣ್ಣಿಗೆ ಕಪ್ಪು ಮುಖವಾಡ, ಬೆರಳಿಗೆ ತಲೆಬುರುಡೆ ಮುದ್ರೆಯ ಉಂಗುರ. ಇಷ್ಟು ಹೇಳಿದರೆ ಸಾಕು, ನಡುವಯಸ್ಸು ದಾಟಿದ ಎಷ್ಟೋ ಕನ್ನಡಿಗರು ‘ಫ್ಯಾಂಟಮ್!’ ಎಂದುಬಿಡುತ್ತಾರೆ. ‘ಸುಧಾ’ ವಾರಪತ್ರಿಕೆ ಮನೆಗೆ ಬಂದೊಡನೆ ಆ ಪುಟಕ್ಕಾಗಿ ಅಣ್ಣ-ತಂಗಿಯರ ನಡುವೆ ಕಿತ್ತಾಟ ನಡೆಯುತ್ತಿದ್ದ ಮನೆಗಳು ಒಂದೆರಡಲ್ಲ. ಆದರೂ ಕಾಮಿಕ್ಸ್ ಎಂದರೆ ಗಂಡುಹುಡುಗರ ಗೀಳು ಎಂಬ ಮಾತು ಮಾತ್ರ ಹಾಗೇ ಉಳಿದಿದೆ. ಆ ಕಿತ್ತಾಟದಲ್ಲಿ ತಂಗಿಯೂ ಇದ್ದಳೆಂಬುದನ್ನು ಎಲ್ಲರೂ ಮರೆತಂತಿದೆ.

ಹೊಡೆದಾಟ, ಹಾರಾಟ, ಗುಂಡಿನ ಸದ್ದು ತುಂಬಿದ ಈ ಪುಸ್ತಕಗಳಲ್ಲಿ ಹೆಣ್ಣುಮಕ್ಕಳಿಗೆ ಹಿಡಿಸುವಂಥದ್ದು ಏನಿತ್ತು? ಇದು ಬರೀ ಹಳೆಯ ನೆನಪಿನ ಪ್ರಶ್ನೆಯಲ್ಲ. ಅಬ್ಬೆತುಮಕೂರು ಎಂದೊಡನೆ ವಿಶ್ವಾರಾಧ್ಯರ ಮಠ ನೆನಪಾಗುತ್ತದೆ. ಆ ಊರು ಇರುವ ಯಾದಗಿರಿ ಜಿಲ್ಲೆಯನ್ನು ಕುರಿತು 2011ರ ಜನಗಣತಿ ಬೇರೊಂದು ಸಂಗತಿ ಹೇಳಿತು. ಜಿಲ್ಲೆಯ ಸಾಕ್ಷರತೆ ಶೇ 51.83, ಹೆಣ್ಣುಮಕ್ಕಳದು ಶೇ 41.38 ಮಾತ್ರ. ಇಡೀ ರಾಜ್ಯದಲ್ಲಿ ಅದೇ ಕಡಿಮೆ. ಅಂದರೆ ಹತ್ತು ಹೆಣ್ಣುಮಕ್ಕಳಲ್ಲಿ ಸುಮಾರು ಆರು ಮಂದಿಗೆ ಆಗ ಓದು ಬರುತ್ತಿರಲಿಲ್ಲ. ಇಂಥ ಕಡೆ ಒಬ್ಬ ಹುಡುಗಿ ಯಾರೂ ಹೇಳದೆ ತಾನಾಗಿ ಕೈಗೆತ್ತಿಕೊಳ್ಳುವ ಪುಸ್ತಕ ಯಾವುದೇ ಇರಲಿ, ಅದನ್ನು ಹಗುರವಾಗಿ ಕಾಣುವಂತಿಲ್ಲ.

ಕನ್ನಡದಲ್ಲೇ ಮೊದಲು

ಅಮೆರಿಕದ ಲೀ ಫಾಕ್ 1934ರಲ್ಲಿ ಜಾದೂಗಾರ ಮ್ಯಾಂಡ್ರೇಕ್‌ನನ್ನೂ 1936ರಲ್ಲಿ ಫ್ಯಾಂಟಮ್‌ನನ್ನೂ ಸೃಷ್ಟಿಸಿದ. ಭಾರತದಲ್ಲಿ ಇವರಿಬ್ಬರನ್ನು ಮನೆಮಾತಾಗಿಸಿದ್ದು 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಆರಂಭಿಸಿದ ‘ಇಂದ್ರಜಾಲ ಕಾಮಿಕ್ಸ್’. ಹಲವು ಭಾರತೀಯ ಭಾಷೆಗಳಲ್ಲಿ, ಕನ್ನಡದಲ್ಲೂ ಬಂದ ಈ ಮಾಲೆ 1990ರಲ್ಲಿ ನಿಂತಿತು.

‘ಅಮರ ಚಿತ್ರ ಕಥೆ’ಯ ಹುಟ್ಟು ಇನ್ನೂ ಸ್ವಾರಸ್ಯದ್ದು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಹೆಸರಿನೊಂದಿಗೆ ಬೆಸೆದುಕೊಂಡ ಈ ಮಾಲೆಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. 1965ರ ಸುಮಾರಿಗೆ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ. ಕೆ. ಅನಂತರಾಮ್ ಅದಕ್ಕೆ ಕಾರಣರಾದರು. ಹತ್ತೂ ಪರದೇಶದ ಕಥೆಗಳು. ‘ಕೃಷ್ಣ’ ಬಂದದ್ದು ಹನ್ನೊಂದನೆಯದಾಗಿ.

ಆ ಹತ್ತರಲ್ಲಿ ಸಿಂಡ್ರೆಲಾ, ನಿದ್ದೆಹೋದ ರಾಜಕುಮಾರಿ, ಹಿಮದಂತೆ ಬಿಳಿಯಾದ ಸ್ನೋ ವೈಟ್ ಇದ್ದರು. ಮೂವರೂ ಒಳ್ಳೆಯವರು, ಮೂವರೂ ಕಷ್ಟಪಟ್ಟವರು. ಆದರೆ ಮೂವರೂ ರಾಜಕುಮಾರ ಬರುವ ತನಕ ಕಾಯುವವರು! ಕಾಯುವ ಹುಡುಗಿಯ ಕಥೆ ಓದಿ ಬೇಸತ್ತವಳಿಗೆ ತಾನೇ ಎದ್ದು ನಡೆಯುವ ಹುಡುಗಿ ಬೇಕಿತ್ತು. ಅವಳು ಸಿಕ್ಕಿದ್ದು ಸಾಹಸದ ಕಾಮಿಕ್ಸ್‌ಗಳಲ್ಲಿ.

ತಾಯಿಯ ಮಾತು ಮೀರಿದ ಮಗಳು

ಇಂಥ ನಾಯಕಿಯರಲ್ಲಿ ಹೆಸರಾದವಳು ‘ವಂಡರ್ ವುಮನ್’. 1941ರ ಕೊನೆಯಲ್ಲಿ ಇವಳನ್ನು ಸೃಷ್ಟಿಸಿದ ವಿಲಿಯಂ ಮಾರ್ಸ್ಟನ್ ಮನೋವಿಜ್ಞಾನಿ. ಸುಳ್ಳು ಹೇಳುವಾಗ ಮನುಷ್ಯನ ರಕ್ತದೊತ್ತಡ ಏರುತ್ತದೆಯೇ ಎಂದು ಪ್ರಯೋಗ ನಡೆಸಿ, ಸುಳ್ಳು ಪತ್ತೆ ಯಂತ್ರಕ್ಕೆ ದಾರಿ ಮಾಡಿದವರಲ್ಲಿ ಒಬ್ಬ. ಅವನ ನಾಯಕಿಯ ಕೈಯಲ್ಲಿರುವ ಹಗ್ಗ ಕಟ್ಟಿದರೆ ಯಾರೂ ಸುಳ್ಳು ಹೇಳಲಾರರು ಎಂಬುದು ಕಾಕತಾಳೀಯವೇನಲ್ಲ.

ಹೆಂಗಸರೇ ಇರುವ ದ್ವೀಪದ ರಾಣಿಯ ಮಗಳು ಡಯಾನಾ. ಹೊರಜಗತ್ತಿಗೆ ಹೋಗುವವಳನ್ನು ಆರಿಸಲು ಪಂದ್ಯ ಏರ್ಪಟ್ಟಾಗ, ಭಾಗವಹಿಸಕೂಡದೆಂದು ತಾಯಿ ತಡೆಯುತ್ತಾಳೆ. ಮಗಳು ಮುಖವಾಡ ಧರಿಸಿ ಕಣಕ್ಕಿಳಿಯುತ್ತಾಳೆ, ಗೆಲ್ಲುತ್ತಾಳೆ. ಮುಖವಾಡ ತೆಗೆದಾಗ ತಾಯಿ ಬೆರಗಾಗುತ್ತಾಳೆ. ಕೊಟ್ಟ ಮಾತಿನಂತೆ ಕಳಿಸದೆ ಬೇರೆ ದಾರಿಯಿಲ್ಲ.

ಹುಡುಗಿಯರ ಮನಸ್ಸನ್ನು ಹಿಡಿದದ್ದು ಈ ಮುಖವಾಡ. ಹನ್ನೆರಡು-ಹದಿಮೂರರ ಹುಡುಗಿಗೆ ಮನೆಯಲ್ಲಿ ಕೇಳಿಸುವ ಮಾತು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ: ಜೋರಾಗಿ ನಗಬೇಡ, ಒಬ್ಬಳೇ ಹೋಗಬೇಡ, ಓಣಿಯಲ್ಲಿ ನಿಲ್ಲಬೇಡ. ಅಣ್ಣನ ಸೈಕಲ್ಲು ಪೇಟೆ ಮುಟ್ಟುವ ವಯಸ್ಸಿನಲ್ಲಿ ತಂಗಿಯ ಓಡಾಟ ಅಂಗಳಕ್ಕೆ ನಿಲ್ಲುತ್ತದೆ. ಹೊರಗೆ ಮೆತ್ತಗೆ, ಒಳಗೆ ಬೇರೆಯೇ ಆಗಿರುವುದು ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. 1942ರಲ್ಲಿ ಬಂದ ‘ಮೇರಿ ಮಾರ್ವೆಲ್’ ಅಂಥವಳೇ. ಓದುಗರ ವಯಸ್ಸಿನ ಸಾಮಾನ್ಯ ಹುಡುಗಿ, ಒಂದು ಶಬ್ದ ಉಚ್ಚರಿಸಿದರೆ ಸಾಕು ಅವಳಿಗೆ ಶಕ್ತಿ ಬರುತ್ತದೆ.

1940ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಸಮೀಕ್ಷೆಗಳಲ್ಲಿ ಚಿಕ್ಕ ಹುಡುಗರಷ್ಟೇ ಹುಡುಗಿಯರೂ ಕಾಮಿಕ್ಸ್ ಓದುತ್ತಿದ್ದುದು ಕಂಡುಬಂದಿತ್ತು. ಬರೆಯುವವರಲ್ಲೂ ಹೆಂಗಸರಿದ್ದರು, ಆದರೆ ಅವರಿಗೂ ಮುಖವಾಡವೇ! 1941ರಲ್ಲಿ ‘ಮಿಸ್ ಫ್ಯೂರಿ’ ಎಂಬ ನಾಯಕಿಯನ್ನು ಸೃಷ್ಟಿಸಿದ ಜೂನ್ ಟಾರ್ಪೆ ಮಿಲ್ಸ್, ಹೆಣ್ಣೆಂದು ತಿಳಿಯಬಾರದೆಂದು ತನ್ನ ಮೊದಲ ಹೆಸರನ್ನೇ ಬಿಟ್ಟಳು. ಮಾರ್ಸ್ಟನ್ನನ ವಿದ್ಯಾರ್ಥಿನಿ ಜಾಯ್ ಹಮ್ಮಲ್ 1944ರಿಂದ ವಂಡರ್ ವುಮನ್ ಕಥೆಗಳನ್ನು ಬರೆದಳು. ಅಚ್ಚಾದದ್ದು ಮಾತ್ರ ಗಂಡಸಿನ ಹೆಸರಿನಲ್ಲಿ.

ಬಲಶಾಲಿಗೆ ಗುಮಾಸ್ತಿಕೆ

ಹಾಗೆಂದು ಈ ಪುಸ್ತಕಗಳಲ್ಲಿ ಹೆಣ್ಣಿಗೆ ನ್ಯಾಯ ಸಿಕ್ಕಿತೆಂದು ತಿಳಿಯಬೇಕಿಲ್ಲ. ವೀರರ ಸಂಘವೊಂದಕ್ಕೆ ವಂಡರ್ ವುಮನ್‌ಳನ್ನು ಸೇರಿಸಿಕೊಂಡಾಗ ಕೊಟ್ಟ ಹುದ್ದೆ ಕಾರ್ಯದರ್ಶಿಯದು. ಗಂಡಸರು ಯುದ್ಧಕ್ಕೆ ಹೊರಟರೆ ಗುಂಡನ್ನೇ ತಡೆಯಬಲ್ಲ ಈಕೆ ಕಡತ ನೋಡಿಕೊಳ್ಳಬೇಕು! 1947ರಲ್ಲಿ ಮಾರ್ಸ್ಟನ್ ತೀರಿಕೊಂಡ ಮೇಲೆ ಅವಳ ಕಥೆಗಳಲ್ಲಿ ಪ್ರೇಮಪ್ರಸಂಗಗಳು ಹೆಚ್ಚಿದವು. 1968ರಲ್ಲಿ ಅವಳ ಶಕ್ತಿಯನ್ನೇ ಕಿತ್ತುಕೊಂಡು ಬಟ್ಟೆ ಅಂಗಡಿಯಲ್ಲಿ ಕೂರಿಸಿದರು. ಅವಳನ್ನು ಓದಿ ಬೆಳೆದ ಹುಡುಗಿಯರು ಅಷ್ಟರಲ್ಲಿ ದೊಡ್ಡವರಾಗಿದ್ದರು. 1972ರಲ್ಲಿ ‘ಮಿಸ್’ ಎಂಬ ಮಹಿಳಾ ಪತ್ರಿಕೆ ಹಳೆಯ ವೇಷದ ವಂಡರ್ ವುಮನ್‌ಳನ್ನೇ ಮುಖಪುಟಕ್ಕೆ ಹಾಕಿತು. ಮರುವರ್ಷ ಅವಳಿಗೆ ಶಕ್ತಿ ಮರಳಿತು.

ಫ್ಯಾಂಟಮ್ ಕಥೆಯಲ್ಲೂ ಹೀಗೆಯೇ. ಅವನ ಪ್ರೇಯಸಿ ಡಯಾನಾ ಪಾಮರ್‌ಳನ್ನು ಕಳ್ಳರು ಹೊತ್ತೊಯ್ಯದ ಕಥೆ ಅಪರೂಪ. ಆದರೆ ಆಕೆ ವಿಶ್ವಸಂಸ್ಥೆಯಲ್ಲಿ ದುಡಿಯುವ ನರ್ಸ್, ನೀರಿಗೆ ಧುಮುಕುವ ಆಟದಲ್ಲಿ ನಿಪುಣೆ. ಫ್ಯಾಂಟಮ್ ವಂಶದಲ್ಲಿ ಒಬ್ಬ ಗಾಯಗೊಂಡು ಮಲಗಿದಾಗ ಅವನ ಅವಳಿ ಸೋದರಿ ಜೂಲಿ ಆ ವೇಷ ತೊಟ್ಟ ಕಥೆಯೂ ಇದೆ. ಊರೂರು ದಾಟಿ ಉದ್ಯೋಗಕ್ಕೆ ಹೋಗುವ ಹೆಣ್ಣನ್ನು ಕಂಡಿರದ ಹುಡುಗಿಗೆ, ಇಷ್ಟು ಕಂಡರೂ ಹೊಸ ಕಿಟಕಿ ತೆರೆದಂತೆಯೇ.

ಚೌಕಟ್ಟಿನ ನಡುವಿನ ಬಿಳಿ ಜಾಗ

‘ಚಿತ್ರ ನೋಡುವುದು ಓದಲ್ಲ’ ಎನ್ನುವ ಪಾಲಕರಿದ್ದಾರೆ. ಇದು ಪೂರ್ತಿ ನಿಜವಲ್ಲ. ಒಂದು ಚೌಕಟ್ಟಿನಲ್ಲಿ ಎತ್ತಿದ ಕೈ, ಮುಂದಿನದರಲ್ಲಿ ನೆಲಕ್ಕೆ ಬಿದ್ದ ಕಳ್ಳ. ನಡುವೆ ಇರುವುದು ಬರೀ ಬಿಳಿ ಜಾಗ. ಏಟು ಬಿದ್ದದ್ದು ಎಲ್ಲಿ? ಓದುವವರ ತಲೆಯಲ್ಲಿ! ಕಂಡ ಎರಡು ಸಂಗತಿಗಳಿಂದ ಕಾಣದ ಮೂರನೆಯದನ್ನು ಊಹಿಸುವುದು ವಿಜ್ಞಾನದ ಪಾಠದಲ್ಲೂ ಬೇಕಾಗುವ ಅಭ್ಯಾಸ. ಅಕ್ಷರ ಕೂಡಿಸಿ ಓದಲು ತಡವರಿಸುವ ಮಗುವಿಗೆ ಚಿತ್ರ ಕೈಹಿಡಿದು ನಡೆಸುತ್ತದೆ. ಮುಂದೇನಾಯಿತೆಂಬ ಆತುರ ಗೊತ್ತಿಲ್ಲದ ಶಬ್ದವನ್ನೂ ದಾಟಿಸುತ್ತದೆ.

ಪಾಲಕರ ಆತಂಕ ಹೊಸದಲ್ಲ. 1954ರಲ್ಲಿ ಫ್ರೆಡ್ರಿಕ್ ವರ್ದಮ್ ಎಂಬ ಮನೋವೈದ್ಯ, ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆಂದು ದೊಡ್ಡ ಪುಸ್ತಕವನ್ನೇ ಬರೆದ. ವಂಡರ್ ವುಮನ್ ಹುಡುಗಿಯರಿಗೆ ಒಳ್ಳೆಯ ಮಾದರಿಯಲ್ಲ ಎಂಬುದೂ ಅವನ ದೂರಾಗಿತ್ತು. ಅದೇ ವರ್ಷ ಅಮೆರಿಕದ ಪ್ರಕಾಶಕರು ತಮಗೆ ತಾವೇ ಕಟ್ಟುಪಾಡು ವಿಧಿಸಿಕೊಂಡರು. ಆತಂಕದಲ್ಲಿ ಹುರುಳಿಲ್ಲವೆಂದಲ್ಲ. ನಾಯಕಿಯರ ತುಂಡು ಬಟ್ಟೆ, ಮುಷ್ಟಿಯಿಂದಲೇ ಎಲ್ಲ ತೀರ್ಮಾನ, ಕಪ್ಪು ಜನರನ್ನು ಕಾಪಾಡಲು ಬಿಳಿಯನೇ ಬೇಕೆಂಬ ಫ್ಯಾಂಟಮ್‌ನ ಧೋರಣೆ, ಇವನ್ನೆಲ್ಲ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಆದರೆ ಪುಸ್ತಕ ಕಿತ್ತುಕೊಂಡರೆ ಅದರೊಂದಿಗೆ ಓದೂ ಹೋಗುತ್ತದೆ. ಅದರ ಬದಲು ಮಗಳ ಪಕ್ಕ ಕುಳಿತು ಮೂರು ಪ್ರಶ್ನೆ ಕೇಳಬಹುದು. ಈ ಕಥೆಯಲ್ಲಿ ನಿರ್ಧಾರ ಮಾಡಿದವರು ಯಾರು? ಕಾಯುತ್ತ ಕುಳಿತವರು ಯಾರು? ನೀನಾಗಿದ್ದರೆ ಏನು ಮಾಡುತ್ತಿದ್ದೆ?

ಸುರಪುರದ ರಾಣಿ

ಮುಂದಿನ ಹೆಜ್ಜೆ ಬರೆಯುವುದು. ಒಂದು ಹಾಳೆ, ಆರು ಚೌಕಟ್ಟು, ಒಂದು ಪೆನ್ಸಿಲ್ ಸಾಕು. ಕಥೆಗೆ ದೂರ ಹೋಗಬೇಕಿಲ್ಲ. ಚಿತ್ರದುರ್ಗದ ಓಬವ್ವನ ಕೈಯಲ್ಲಿದ್ದದ್ದು ಮಾಯೆಯ ಹಗ್ಗವಲ್ಲ, ಅಡುಗೆಮನೆಯ ಒನಕೆ. ಯಾದಗಿರಿ ಸೀಮೆಯ ಮಕ್ಕಳಿಗೆ ಇನ್ನೂ ಹತ್ತಿರದವಳು ಸುರಪುರದ ರಾಣಿ ಈಶ್ವರಮ್ಮ. 1841ರಲ್ಲಿ ಅಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಈ ರಾಣಿಯ ವಿಷಯ ಬರೆದಿದ್ದಾನೆ. ಗಂಡ ತೀರಿಕೊಂಡಿದ್ದ, ಮಗ ವೆಂಕಟಪ್ಪ ನಾಯಕ ಇನ್ನೂ ಚಿಕ್ಕವನು. ಅಂಥ ಹೊತ್ತಿನಲ್ಲಿ ಆಕೆ ಸಂಸ್ಥಾನದ ಹಿಡಿತ ಬಿಡಲೊಲ್ಲದೆ ನಿಂತವಳು. ಟೇಲರ್‌ನ ಬರಹ ಅಧಿಕಾರಿಯ ಕಣ್ಣಿನದು. ಅದೇ ಕಥೆ ರಾಣಿಯ ಕಣ್ಣಿನಿಂದ ಹೇಗಿದ್ದೀತು? ಆರು ಚೌಕಟ್ಟುಗಳಲ್ಲಿ ಅದನ್ನು ತುಂಬುವ ಕೆಲಸ, ಅಬ್ಬೆತುಮಕೂರಿನಂಥ ಊರಿನ ಶಾಲೆಯಲ್ಲಿ ಕುಳಿತ ಯಾವ ಹುಡುಗಿಯ ಕೈಗೂ ನಿಲುಕದ್ದಲ್ಲ.