ಊರಲ್ಲೇ ಇರೋದೋ, ಬೆಂಗಳೂರಿಗೆ ಹೋಗೋದೋ

ಮನೆಯ ಯಜಮಾನಿ ತೀರಿಕೊಂಡು ತಿಥಿ ಮುಗಿಯುವ ಹೊತ್ತಿಗೆ ತುಮಕೂರು ತಾಲ್ಲೂಕಿನ ಊರ್ಡಿಗೆರೆ ಹೋಬಳಿಯ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ‘ಅಪ್ಪ ಇನ್ನು ಒಬ್ರೇ ಹೆಂಗಿರ್ತಾರೆ? ಬೆಂಗಳೂರಿಗೆ ಕರ್ಕೊಂಡು ಹೋಗೋಣ.’ ಮಕ್ಕಳ ಕಾಳಜಿ ಸುಳ್ಳಲ್ಲ. ಆದರೆ ಆ ಹೊತ್ತು ತೀರ್ಮಾನದ ಹೊತ್ತಲ್ಲ. ಸಂಕಟದಲ್ಲಿರುವ ಅಪ್ಪ ‘ನೀವು ಹೇಳ್ದಂಗೆ ಆಗ್ಲಿ’ ಎನ್ನುತ್ತಾರೆ. ಆಮೇಲೆ ಮೂರನೇ ಮಹಡಿಯಲ್ಲಿ ಕೂತು, ತೆಂಗಿಗೆ ನೀರು ಬಿಟ್ಟರೋ ಇಲ್ಲವೋ ಎಂದು ದಿನಾ ಊರಿಗೆ ಫೋನ್ ಮಾಡುತ್ತಾರೆ. ಗಂಡ ಹೆಂಡತಿ ಇಬ್ಬರೂ ಗಟ್ಟಿಯಾಗಿ ಓಡಾಡುತ್ತಿರುವಾಗಲೇ ಈ ಮಾತು ಆಗಿಹೋಗಬೇಕು.

ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ದೇವರಾಯನದುರ್ಗದ ಆಸುಪಾಸಿನ ಈ ಹೋಬಳಿಯವರಿಗೆ ಇದೊಂದು ಅನುಕೂಲ. ಮಕ್ಕಳು ಅಮೆರಿಕದಲ್ಲಿದ್ದರೆ ಇಲ್ಲಿ ಇಲ್ಲವೇ ಅಲ್ಲಿ ಎಂದು ಆರಿಸಲೇಬೇಕು. ಇಲ್ಲಿಯವರು ಹೋಗುತ್ತಾ ಬರುತ್ತಾ ಇರಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅಜ್ಜಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆಯೂ ಇಲ್ಲ. ಮಗನ ಹತ್ತಿರ ದುಡ್ಡು ಕೇಳದೆ ಹೊರಡಬಹುದು, ಬೇಸರವಾದರೆ ವಾಪಸು ಬರಬಹುದು. ಇದು ಸಣ್ಣ ಸ್ವಾತಂತ್ರ್ಯವಲ್ಲ.

ಊರಲ್ಲೇ ಇರುತ್ತೇನೆ ಎನ್ನುವವರ ಮನೆಯನ್ನು ಮೊದಲು ನೋಡಬೇಕು. ಹಿತ್ತಲಲ್ಲಿರುವ ಕಕ್ಕಸು, ಜಾರುವ ಬಚ್ಚಲು, ಎತ್ತರದ ಹೊಸ್ತಿಲು, ರಾತ್ರಿ ಕತ್ತಲಾಗಿರುವ ನಡುಮನೆ. ಸೊಂಟ ಮುರಿಯುವುದು ಇಲ್ಲಿಯೇ. ಮಕ್ಕಳು ಟಿವಿ ತಂದುಕೊಡುವ ಬದಲು ಮನೆಯೊಳಗೆ ಕೂರುವ ಕಮೋಡ್, ಗೋಡೆಗೊಂದು ಹಿಡಿಗಂಬಿ, ರಾತ್ರಿಗೊಂದು ಬಲ್ಬು ಹಾಕಿಸಲಿ. ಮರೆವು ಹೆಚ್ಚಾಗಿ ಒಲೆ ಆರಿಸುವುದೇ ನೆನಪಿರದಿದ್ದರೆ, ಡಯಾಲಿಸಿಸ್‌ಗೆ ವಾರವಾರ ಓಡಾಡಬೇಕಾಗಿದ್ದರೆ, ಒಂಟಿಯಾಗಿ ಊರಲ್ಲಿರುವ ಹಟ ಬೇಡ. ‘ತೋಟ ನೋಡ್ಕೊಳ್ಳೋಕೆ ಒಬ್ಬರು ಬೇಕಲ್ಲ’ ಎಂದು ಕೈಲಾಗದ ತಾಯಿಯನ್ನು ಅಲ್ಲೇ ಬಿಡುವುದಂತೂ ಕ್ರೂರ.

ಹೊರಡುವವರಿಗೆ ನಾನು ಒತ್ತಿ ಹೇಳುವುದು ಆಸ್ತಿ ಪತ್ರದ ವಿಷಯ. ‘ಹೆಂಗೂ ನಮ್ಜೊತೆ ಇರ್ತೀಯಲ್ಲ, ಜಮೀನು ಬರೆದುಕೊಟ್ಬಿಡು’ ಎಂಬ ಮಾತು ಇದರ ಬೆನ್ನಿಗೇ ಬರುತ್ತದೆ. ಬೆಂಗಳೂರಿನ ಗಾಳಿ ಬೀಸಿ ಎಕರೆಯ ಬೆಲೆ ಏರಿದ ಈ ಸೀಮೆಯಲ್ಲಿ ಅವಸರ ಇನ್ನೂ ಜಾಸ್ತಿ. ವಿಲ್ ಬರೆದರೆ ಬದುಕಿರುವವರೆಗೆ ಆಸ್ತಿ ನಿಮ್ಮದೇ, ಮನಸ್ಸು ಬದಲಾದರೆ ತಿದ್ದಬಹುದು. ದಾನಪತ್ರ ನೋಂದಣಿಯಾದರೆ ಆಸ್ತಿ ಕೈಬಿಟ್ಟಂತೆ. ಕೊಡಲೇಬೇಕಾದರೆ, ಕೊನೆಯವರೆಗೆ ನನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತು ಪತ್ರದಲ್ಲೇ ಇರಲಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಹಿಡಿದು, ನೋಡಿಕೊಳ್ಳದ ಮಕ್ಕಳ ಹೆಸರಿನ ಪತ್ರವನ್ನು ಉಪವಿಭಾಗಾಧಿಕಾರಿಗಳ ಮುಂದೆ ರದ್ದು ಮಾಡಿಸಬಹುದು. ಷರತ್ತು ಬರೆದಿರದಿದ್ದರೆ ಹೋರಾಟ ಕಷ್ಟ. ಇಂಥ ಕಾಯ್ದೆಯನ್ನು ಹಿರಿಯರ ಹಿತ ನೋಡಿ ಉದಾರವಾಗಿ ಅರ್ಥಮಾಡಬೇಕೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಹೇಳಿತು. ಮಗನಿಗೆ ದಾನಪತ್ರ ಬರೆದುಕೊಟ್ಟಿದ್ದ ಆ ತಾಯಿಗೆ ಆಸ್ತಿ ಮರಳಿ ಸಿಕ್ಕಿತು. ಯಾರನ್ನು ಕೇಳುವುದೆಂದು ತಿಳಿಯದವರು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಇಷ್ಟಾದರೂ ಮನಸ್ಸು ಎರಡಾಗಿದ್ದರೆ, ರಾಗಿ ಒಕ್ಕಣೆ ಮುಗಿದ ಮೇಲೆ ಒಂದೆರಡು ತಿಂಗಳು ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಇದ್ದು ನೋಡಲಿ. ಅಲ್ಲಿಯವರೆಗೆ ಹಸು ಮಾರುವುದು ಬೇಡ, ಊರಮನೆ ಬಾಡಿಗೆಗೆ ಕೊಡುವುದೂ ಬೇಡ. ಪಕ್ಕದ ಮನೆಯವರ ಕೈಗೊಂದು ಬೀಗದ ಕೈ ಕೊಟ್ಟಿರಲಿ.