ಆಲ್ಜೈಮರ್ ವ್ಯಾಧಿಯೂ ರಕ್ತದ ಕಿರುಬಿಲ್ಲೆಗಳೂ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಂಬಿ ಜನರು ಮುಪ್ಪಿನ ಮರೆವನ್ನು ವಯೋಧರ್ಮವೆಂದೇ ಎಣಿಸುತ್ತ ಬಂದಿದ್ದಾರೆ. ಆದರೆ 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಯಲ್ಲಿ ಅಲೋಯಿಸ್ ಆಲ್ಜೈಮರನು ಪರೀಕ್ಷಿಸಿದ ಔಗುಸ್ಟೆ ಡೆಟರ್ ಎಂಬಾಕೆಗೆ ಆಗ ಕೇವಲ 51 ವರ್ಷ. ಆಕೆ 1906ರಲ್ಲಿ ತೀರಿಕೊಂಡ ಬಳಿಕ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಿಂದ ನೋಡಿದ ಆತನು ನರಕೋಶಗಳೊಳಗೆ ಗಂಟುಬಿದ್ದ ಎಳೆಗಳನ್ನೂ, ಕೋಶಗಳ ನಡುವೆ ಅಪರಿಚಿತ ವಸ್ತುವೊಂದರ ಗಡ್ಡೆಗಳನ್ನೂ ಕಂಡನು. ಅಂದಿನಿಂದ ಈ ವ್ಯಾಧಿಯ ಚರ್ಚೆ ಬಹುಮಟ್ಟಿಗೆ ನರಕೋಶಗಳ ಸುತ್ತಲೇ ನಡೆಯಿತು. ಮಿದುಳನ್ನು ಪೋಷಿಸುವ ರಕ್ತನಾಳಗಳಿಗೆ ಅಷ್ಟು ಗಮನ ದೊರೆಯಲಿಲ್ಲ.

ಇದು ಸೋಜಿಗವೇ ಸರಿ. ಏಕೆಂದರೆ ಆ ಗಡ್ಡೆಗಳ ವಸ್ತುವಿನ ಗುರುತು ಮೊದಲು ಸಿಕ್ಕಿದ್ದು ರಕ್ತನಾಳಗಳಲ್ಲಿ. 1984ರಲ್ಲಿ ಅಮೆರಿಕದ ಗ್ಲೆನ್ನರ್ ಮತ್ತು ವಾಂಗ್ ಎಂಬ ವಿಜ್ಞಾನಿಗಳು ರೋಗಿಯ ಮಿದುಳಿನ ಪೊರೆಯಲ್ಲಿರುವ ನಾಳಗಳ ಗೋಡೆಯಿಂದ ಅದನ್ನು ಬೇರ್ಪಡಿಸಿದರು. ಇಂದು ಅದಕ್ಕೆ ಅಮಿಲಾಯ್ಡ್ ಬೀಟಾ ಎಂದು ಹೆಸರು. ಅದರಲ್ಲಿ ಮುಖ್ಯವಾಗಿ ಎರಡು ಬಗೆ: 42 ಅಮಿನೋ ಆಮ್ಲಗಳದು ಹೆಚ್ಚಾಗಿ ಗಡ್ಡೆಗಳಲ್ಲಿಯೂ, 40ರದು ಹೆಚ್ಚಾಗಿ ನಾಳಗಳ ಗೋಡೆಯಲ್ಲಿಯೂ ನೆಲೆಸುತ್ತದೆ. ಗೋಡೆಯಲ್ಲಿ ಅದು ಬೇರೂರಿದಂತೆ ಅಲ್ಲಿನ ಸ್ನಾಯುಕೋಶಗಳು ನಶಿಸುತ್ತವೆ; ಹಿಗ್ಗುವ ಕುಗ್ಗುವ ಗುಣ ತಪ್ಪಿ ನಾಳವು ಪೆಡಸಾಗುತ್ತದೆ; ಕಡೆಗೆ ಕೆಲವೆಡೆ ಬಿರಿದು ರಕ್ತ ಸೋರುತ್ತದೆ. ವೈದ್ಯರು ಇದನ್ನು ಅಮಿಲಾಯ್ಡ್ ಆಂಜಿಯೋಪತಿ ಎನ್ನುತ್ತಾರೆ. ಆಲ್ಜೈಮರ್ ರೋಗಿಗಳಲ್ಲಿ ಬಹುಮಂದಿಗೆ ಇದು ಸ್ವಲ್ಪವಾದರೂ ಇರುವುದು ಮರಣೋತ್ತರ ಪರೀಕ್ಷೆಗಳಿಂದ ತಿಳಿದಿದೆ.

ಕಿರುಬಿಲ್ಲೆಗಳ ಪ್ರವೇಶ ಇಲ್ಲಿಯೇ. ಡೆಂಗಿ ಜ್ವರದ ದಿನಗಳಲ್ಲಿ ಪ್ಲೇಟ್‌ಲೆಟ್ ಎಂಬ ಹೆಸರಿನಿಂದ ಮನೆಮನೆಗೂ ಪರಿಚಿತವಾದ ಇವನ್ನು ಇಟಲಿಯ ಟೂರಿನ್ ನಗರದ ಬಿಜ್ಜೋಜೆರೋ 1880ರ ದಶಕದ ಆರಂಭದಲ್ಲಿ ಸ್ಪಷ್ಟವಾಗಿ ವರ್ಣಿಸಿದನು. ಇವು ಅಸ್ಥಿಮಜ್ಜೆಯ ದೊಡ್ಡ ಕೋಶಗಳಿಂದ ಕಳಚಿಬಿದ್ದ, ಕೋಶಕೇಂದ್ರವಿಲ್ಲದ ತುಣುಕುಗಳು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಆಯುಸ್ಸು 7ರಿಂದ 10 ದಿನ. ನಾಳ ಹರಿದಲ್ಲಿ ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುವುದೇ ಇವುಗಳ ಕಸುಬು. ಅಮಿಲಾಯ್ಡ್ ಬೀಟಾ ಹುಟ್ಟುವ ಮೂಲ ಪ್ರೋಟೀನೂ ಇವುಗಳ ಉಗ್ರಾಣದಲ್ಲಿ ಉಂಟು. ರಕ್ತದಲ್ಲಿರುವ ಆ ಪ್ರೋಟೀನಿನ ಬಹುಪಾಲು ಇವುಗಳಲ್ಲಿಯೇ ಇದೆ. ಇವು ಹೊರಬಿಡುವುದು ಮುಖ್ಯವಾಗಿ 40ರ ಬಗೆ, ಅಂದರೆ ನಾಳದ ಗೋಡೆಯಲ್ಲಿ ಕಾಣುವುದೇ. ಹಾಗಾದರೆ ಗೋಡೆಯ ಅಮಿಲಾಯ್ಡೆಲ್ಲ ಕಿರುಬಿಲ್ಲೆಗಳಿಂದಲೇ ಬಂದುದೆಂದು ತೀರ್ಮಾನಿಸಬಹುದಲ್ಲವೇ?

ಅಷ್ಟು ಸುಲಭವಾಗಿ ತೀರ್ಪು ಕೊಡುವಂತಿಲ್ಲ. ಮೂಲ ಪ್ರೋಟೀನಿನ ಮಾನವ ರೂಪವನ್ನು ನರಕೋಶಗಳು ಮಾತ್ರ ಅತಿಯಾಗಿ ತಯಾರಿಸುವಂತೆ ಮಾರ್ಪಡಿಸಿದ ಇಲಿಗಳಲ್ಲಿಯೂ ಮಿದುಳಿನ ನಾಳಗಳು ಅಮಿಲಾಯ್ಡಿನಿಂದ ತುಂಬಿದುದು 1999ರಲ್ಲಿ ಪ್ರಕಟವಾಯಿತು. ನರಕೋಶಗಳ ಕಸವು ನಾಳಗಳ ಗೋಡೆಯ ಹಾದಿಯಾಗಿ ಹೊರಹೋಗುವಾಗ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆಂದು ಹಲವರ ಮತ. ಮತ್ತೊಂದೆಡೆ, ರೋಗದ ಇಲಿಯನ್ನೂ ಆರೋಗ್ಯವಂತ ಇಲಿಯನ್ನೂ ಶಸ್ತ್ರಕ್ರಿಯೆಯಿಂದ ಜೋಡಿಸಿ ಇಬ್ಬರ ರಕ್ತವೂ ಒಂದಾಗುವಂತೆ ಮಾಡಿದಾಗ, ಒಂದು ವರ್ಷದಲ್ಲಿ ಎರಡನೆಯದರ ಮಿದುಳಿಗೂ ಅಮಿಲಾಯ್ಡ್ ತಲಪಿದ್ದು 2017ರಲ್ಲಿ ವರದಿಯಾಗಿದೆ. ಮೂಲದ ವ್ಯಾಜ್ಯ ಹೀಗೆ ಎರಡೂ ಕಡೆಗೆ ವಾಲುತ್ತದೆ.

ಆದರೆ ಸರಕು ಯಾರ ಮನೆಯದೆಂಬ ಪ್ರಶ್ನೆ ಬೇರೆ, ಅದನ್ನು ಗಂಟು ಕಟ್ಟಿದವರು ಯಾರೆಂಬುದು ಬೇರೆ. ಈ ಎರಡನೆಯ ಪ್ರಶ್ನೆಗೆ ಜರ್ಮನಿಯ ಡ್ಯೂಸೆಲ್‌ಡಾರ್ಫಿನ ಮಾರ್ಗಿಟ್ಟಾ ಎಲ್ವರ್ಸ್ ಅವರ ತಂಡ 2016ರಲ್ಲಿ ಕೊಟ್ಟ ಉತ್ತರ ಹೆಚ್ಚು ಗಟ್ಟಿಯಾಗಿದೆ. ಕರಗಿದ ಸ್ಥಿತಿಯ 40ರ ಅಮಿಲಾಯ್ಡ್ ಕಿರುಬಿಲ್ಲೆಯ ಮೈಮೇಲಿನ ಇಂಟೆಗ್ರಿನ್ ಎಂಬ ಕೊಂಡಿಗೆ ಅಂಟಿಕೊಳ್ಳುತ್ತದೆ. ಹೆಪ್ಪುಗಟ್ಟುವಾಗ ಬಿಲ್ಲೆಗಳನ್ನು ಒಂದಕ್ಕೊಂದು ಬೆಸೆಯುವುದೂ ಇದೇ ಕೊಂಡಿ. ಗಾಯವಿಲ್ಲದೆಯೇ ಎಚ್ಚೆತ್ತ ಬಿಲ್ಲೆಯು ಎ.ಡಿ.ಪಿ. ಎಂಬ ಸಂಕೇತವಸ್ತುವನ್ನೂ ಕ್ಲಸ್ಟರಿನ್ ಎಂಬ ಪ್ರೋಟೀನನ್ನೂ ಹೊರಚೆಲ್ಲುತ್ತದೆ. ಮೊದಲನೆಯದು ಇನ್ನಷ್ಟು ಕೊಂಡಿಗಳನ್ನು ಚುರುಕುಗೊಳಿಸಿದರೆ, ಎರಡನೆಯದು ಕರಗಿದ್ದ ಅಮಿಲಾಯ್ಡನ್ನು ಕರಗದ ನಾರಾಗಿಸಲು ನೆರವಾಗುತ್ತದೆ. ಹುಟ್ಟಿನಿಂದಲೇ ಆ ಕೊಂಡಿ ಇಲ್ಲದ, ಗ್ಲಾನ್ಸ್‌ಮನ್ ವ್ಯಾಧಿಯ ರೋಗಿಗಳ ಬಿಲ್ಲೆಗಳಲ್ಲಿ ಇಂಥ ನಾರು ಉಂಟಾಗಲಿಲ್ಲ. ಎ.ಡಿ.ಪಿ.ಯ ಸಂಕೇತವನ್ನು ತಡೆಯುವ ಕ್ಲೊಪಿಡೊಗ್ರೆಲ್ ಔಷಧವನ್ನು ಕೊಟ್ಟ ಇಲಿಗಳಲ್ಲಿ ನಾಳಗಳ ಅಮಿಲಾಯ್ಡ್ ಕಡಮೆಯಾಯಿತು. ಗಮನಿಸತಕ್ಕ ಸಂಗತಿಯೆಂದರೆ, ಇವು ಮೇಲೆ ಹೇಳಿದ ತಳಿಯ, ನರಕೋಶಗಳಿಂದಲೇ ಅಮಿಲಾಯ್ಡ್ ಪಡೆಯುವ ಇಲಿಗಳು. ಸರಕು ನರಕೋಶದ್ದಾದರೂ ಕಟ್ಟುವ ಕೈ ಕಿರುಬಿಲ್ಲೆಯದಾಗಬಹುದೆಂದಾಯಿತು.

ಇದನ್ನು ಓದಿದೊಡನೆ ಮನೆಯ ಹಿರಿಯರಿಗೆ ದಿನಕ್ಕೊಂದು ಆಸ್ಪಿರಿನ್ ಕೊಟ್ಟರಾಯಿತೆಂದು ತೋರುವುದು ಸಹಜ. ಅದೂ ಕಿರುಬಿಲ್ಲೆಗಳನ್ನು ತಡೆಯುವ ಔಷಧವೇ ತಾನೆ. ಈ ಆಸೆಯನ್ನು ಇಂಗ್ಲೆಂಡಿನಲ್ಲಿ 310 ಆಲ್ಜೈಮರ್ ರೋಗಿಗಳ ಮೇಲೆ ಒರೆಹಚ್ಚಿ 2008ರಲ್ಲಿ ಫಲವನ್ನು ಪ್ರಕಟಿಸಿದರು. ಆಸ್ಪಿರಿನ್ನಿನಿಂದ ಮರೆವು ತಗ್ಗಲಿಲ್ಲ. ರಕ್ತಸ್ರಾವದಿಂದ ಆಸ್ಪತ್ರೆ ಸೇರಿದವರು ಆಸ್ಪಿರಿನ್ ಪಡೆದವರಲ್ಲಿ 13 ಮಂದಿ, ಪಡೆಯದವರಲ್ಲಿ ಇಬ್ಬರು; ಪಡೆದವರಲ್ಲಿ ಮೂವರು ಮಿದುಳಿನ ರಕ್ತಸ್ರಾವದಿಂದ ಮಡಿದರು. ಆಸ್ಟ್ರೇಲಿಯ ಮತ್ತು ಅಮೆರಿಕಗಳಲ್ಲಿ 19,114 ಆರೋಗ್ಯವಂತ ವೃದ್ಧರ ಮೇಲೆ ನಡೆದ ಪರೀಕ್ಷೆಯಲ್ಲಿಯೂ ಅದು ಮರೆವಿನ ರೋಗವನ್ನು ತಡೆಯಲಿಲ್ಲವೆಂದು 2020ರಲ್ಲಿ ತಿಳಿಯಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ: ಬಿಲ್ಲೆಗಳು ಗೋಡೆಯನ್ನು ಕೆಡಿಸುವುದು ನಿಜವಾದರೂ, ಕೆಟ್ಟ ಗೋಡೆ ಬಿರಿದಾಗ ತೇಪೆ ಹಾಕಬೇಕಾದವೂ ಅವೇ. ಹಾಗೆಂದು ಹೃದಯದ ಕಾಯಿಲೆಗಾಗಿ ವೈದ್ಯರು ಕೊಟ್ಟಿರುವ ಇಂಥ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ.

ನಾಳಗಳ ಈ ಸ್ಥಿತಿಗೆ ಈಗ ಹೊಸ ಮಹತ್ವ ಬಂದಿದೆ. ಅಮಿಲಾಯ್ಡನ್ನು ಮಿದುಳಿನಿಂದ ತೆಗೆಯುವ ಲೆಕಾನೆಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2023ರಲ್ಲಿ ಮನ್ನಣೆ ದೊರೆಯಿತು. ಅದು ಗೋಡೆಯ ಅಮಿಲಾಯ್ಡನ್ನೂ ಕದಲಿಸುವುದರಿಂದ ಕೆಲವರಲ್ಲಿ ಮಿದುಳು ಊದಿಕೊಂಡು ರಕ್ತ ಒಸರುತ್ತದೆ. ಪರೀಕ್ಷೆಗೆ ಒಳಗಾದವರಲ್ಲಿ ನೂರಕ್ಕೆ ಸುಮಾರು 17 ಮಂದಿಯಲ್ಲಿ ಇಂಥ ರಕ್ತದ ಗುರುತುಗಳು ಕಂಡವು, ಔಷಧವಿಲ್ಲದವರಲ್ಲಿ 9. ಆದುದರಿಂದಲೇ ಎಂ.ಆರ್.ಐ. ಚಿತ್ರದಲ್ಲಿ ನಾಲ್ಕಕ್ಕಿಂತ ಹೆಚ್ಚು ಸೂಕ್ಷ್ಮ ರಕ್ತಸ್ರಾವದ ಚುಕ್ಕೆಗಳಿದ್ದವರನ್ನು ಆ ಪರೀಕ್ಷೆಗೆ ಸೇರಿಸಿಕೊಂಡಿರಲಿಲ್ಲ.