ವೀಸಾ ಬಂತಂತೆ! ಯಾವ ವೀಸಾ ಸ್ವಾಮಿ?

ರುದ್ರಪಟ್ಟಣ: ಈ ಊರಿನಲ್ಲಿ ಹಾಸನದ ಬಸ್ಸು ಹತ್ತಿದವನು ಅರಕಲಗೂಡಿಗೆ ಟಿಕೆಟ್ ತೆಗೆದುಕೊಂಡು, ಅಲ್ಲಿ ಇಳಿಯದೆ ಹಾಸನದ ತನಕ ಕೂತೇ ಹೋದರೆ ಏನಾಗುತ್ತದೆ? ದಾರಿಯಲ್ಲಿ ಚೆಕಿಂಗ್‌ನವರು ಹತ್ತುತ್ತಾರೆ. ‘ಟಿಕೆಟ್ ಇದೆಯಲ್ಲ ಸಾರ್’ ಎಂದು ತೋರಿಸಿದರೆ ಬಿಟ್ಟಾರೆಯೇ? ಟಿಕೆಟ್ ಖೋಟಾ ಅಲ್ಲ, ನಿಜ. ಆದರೆ ಆ ಊರಿನದಲ್ಲ. ದಂಡ ಕಟ್ಟಲೇಬೇಕು.

ಕಂಪ್ಯೂಟರ್ ಕೆಲಸಕ್ಕೆಂದು ಹೊರದೇಶಕ್ಕೆ ಹಾರುವ ನಮ್ಮ ಹುಡುಗರ ವೀಸಾ ಕಥೆಯೂ ಥೇಟ್ ಇದೇ. ಒಂದೇ ವ್ಯತ್ಯಾಸ. ಇಲ್ಲಿ ದಂಡದ ಜೊತೆಗೆ ಬಾಳೂ ಹೋಗಬಹುದು.

ಮೊನ್ನೆ ಅರಕಲಗೂಡಿನಲ್ಲಿ ಬಸ್ಸಿಗೆ ಕಾಯುತ್ತಾ ಗುರುತಿನವರೊಬ್ಬರ ದಿನಸಿ ಅಂಗಡಿ ಮುಂದೆ ನಿಂತಿದ್ದೆ. ಯಜಮಾನರ ಮುಖದಲ್ಲಿ ಹಬ್ಬದ ಕಳೆ. ‘ನಮ್ಮ ಹುಡುಗಂಗೆ ಫಾರಿನ್ ಕೆಲ್ಸ ಆಯ್ತು ಕಣಪ್ಪ. ವೀಸಾನೂ ಬಂತಂತೆ’ ಎಂದರು.

‘ಯಾವ ವೀಸಾ ಯಜಮಾನ್ರೇ?’

‘ವೀಸಾ ಅಂದ್ರೆ ವೀಸಾ. ಅದರಲ್ಲೂ ಜಾತಿ ಇದೆಯಾ?’

ಇದೆ ಸ್ವಾಮಿ. ಮದುವೆ ಮನೆಯವರು ಜಾತಕ ನೋಡುವುದಕ್ಕಿಂತ ಹೆಚ್ಚು ಎಚ್ಚರಿಕೆಯಿಂದ ನೋಡಬೇಕಾದ ಜಾತಿ ಅದು.

ಮಗ ಬಿ.ಇ. ಮುಗಿಸಿ ಎರಡು ವರ್ಷ ಬೆಂಗಳೂರು ಸುತ್ತಿ ವಾಪಸು ಬಂದಿದ್ದಾನೆ. ಫೋನಿಗೆ ಬಂದಿದ್ದ ಕಾಗದ ತೋರಿಸಿದ. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ, ತಿಂಗಳಿಗೆ ಲಕ್ಷ ರೂಪಾಯಿ. ಸದ್ಯಕ್ಕೆ ಪ್ರವಾಸಿಯ ಹೆಸರಲ್ಲಿ ಹೋಗುವುದು, ಅಲ್ಲಿ ಇಳಿದ ಮೇಲೆ ಕೆಲಸದ ವೀಸಾ ‘ಮಾಡಿಸಿಕೊಡುವುದು’. ಏಜೆಂಟನಿಗೆ ಒಂದೂವರೆ ಲಕ್ಷ. ಅಪ್ಪ ಅದಕ್ಕಾಗಿ ಚೀಟಿ ಎತ್ತಿ ದುಡ್ಡು ಸಿದ್ಧ ಮಾಡಿಟ್ಟಿದ್ದರು. ಸೋಮವಾರ ಕಟ್ಟಬೇಕು.

ಓದಿದಾಗ ನನ್ನ ಎದೆ ಧಸಕ್ಕೆಂದಿತು.

ಪ್ರವಾಸಿ ಹೋದ, ಕೈದಿಯಾದ

ಏಕೆಂದರೆ ಇಂಥದೇ ಕಾಗದದ ಬಗ್ಗೆ ನಮ್ಮ ವಿದೇಶಾಂಗ ಇಲಾಖೆ 2022ರ ಸೆಪ್ಟೆಂಬರ್ 24ರಂದೇ ಎಚ್ಚರಿಕೆ ಕೊಟ್ಟಿತ್ತು. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸವೆಂದು ಕಂಪ್ಯೂಟರ್ ಕಲಿತ ಹುಡುಗರನ್ನೇ ಗುರಿಯಿಟ್ಟು ಕರೆಸುತ್ತಾರೆ. ಬ್ಯಾಂಕಾಕಿನಲ್ಲಿ ಇಳಿದವರನ್ನು ಗಡಿ ದಾಟಿಸಿ ಮ್ಯಾನ್ಮಾರಿಗೆ ಸಾಗಿಸುತ್ತಾರೆ. ಅಲ್ಲಿ ಅವರಿಗೆ ಕೆಲಸವೇನು? ಫೋನಿನಲ್ಲಿ ಕಂಡವರಿಗೆ ಟೋಪಿ ಹಾಕುವುದು. ಒಲ್ಲೆನೆಂದರೆ ಬಿಡುವಂತಿಲ್ಲ.

2025ರ ಮಾರ್ಚ್ 10 ಮತ್ತು 11ರಂದು ವಾಯುಪಡೆಯ ವಿಮಾನಗಳಲ್ಲಿ ಇಂಥ 549 ಮಂದಿ ಭಾರತೀಯರನ್ನು ವಾಪಸು ಕರೆತರಲಾಯಿತು. ಬಂದವರು ಪುಣ್ಯವಂತರು. ಪ್ರವಾಸಿಯಾಗಿ ಒಳಹೊಕ್ಕವನಿಗೆ ಅಲ್ಲಿ ಕೆಲಸ ಮಾಡುವ ಹಕ್ಕೇ ಇಲ್ಲ. ಹಕ್ಕಿಲ್ಲದವನು ಪೊಲೀಸರ ಬಳಿಗೂ ಧೈರ್ಯವಾಗಿ ಹೋಗಲಾರ. ಮೋಸಗಾರನಿಗೆ ಬೇಕಾದದ್ದೂ ಅದೇ.

ದೊಡ್ಡವರೂ ಜಾರಿದ ಕಲ್ಲು

ಇದು ಕಳ್ಳ ಏಜೆಂಟರ ಮಾತಾಯಿತು, ದೊಡ್ಡ ಕಂಪನಿಗೆ ಸೇರಿದರೆ ಚಿಂತೆಯಿಲ್ಲ ಎನ್ನುವಿರಾ? ನಮ್ಮ ಬೆಂಗಳೂರಿನ ಇನ್ಫೋಸಿಸ್ ಸಮಾಚಾರ ಕೇಳಿ.

ಅಮೆರಿಕಕ್ಕೆ ಬಿ-1 ಎಂಬ ವೀಸಾ ಇದೆ. ಮೀಟಿಂಗಿಗೆ ಹೋಗಬಹುದು, ವ್ಯಾಪಾರದ ಮಾತುಕತೆ ನಡೆಸಬಹುದು, ಸಮ್ಮೇಳನದಲ್ಲಿ ಕೂರಬಹುದು. ಆದರೆ ಅಲ್ಲಿನ ಗಿರಾಕಿಯ ಕಚೇರಿಯಲ್ಲಿ ಕೂತು ದಿನನಿತ್ಯ ಪ್ರೋಗ್ರಾಂ ಬರೆಯುವಂತಿಲ್ಲ. ‘ಮೀಟಿಂಗ್’ ಎಂದು ಕಾಗದ ಕೊಟ್ಟು ಬಿ-1ರಲ್ಲಿ ಕಳಿಸಿ, ಎಚ್-1ಬಿಯವರು ಮಾಡಬೇಕಾದ ಕೆಲಸ ಮಾಡಿಸಿದರು ಎಂಬುದು ಅಲ್ಲಿನ ಸರ್ಕಾರದ ಆರೋಪ. 2013ರ ಅಕ್ಟೋಬರ್ 30ರಂದು ಕಂಪನಿ 3 ಕೋಟಿ 40 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ವೀಸಾ ವಂಚನೆ ಮಾಡಿಲ್ಲವೆಂದೇ ಅದು ವಾದಿಸಿತು, ನೌಕರರ ಕಾಗದಪತ್ರದ ತಪ್ಪುಗಳನ್ನಷ್ಟೇ ಒಪ್ಪಿತು ಎಂಬುದನ್ನೂ ಇಲ್ಲಿ ಹೇಳಬೇಕು.

ಕಂಪನಿಗೆ ದುಡ್ಡಿತ್ತು, ಕಟ್ಟಿತು. ಒಂಟಿ ಹುಡುಗನ ಪಾಡೇನು? ಸುಳ್ಳು ಹೇಳಿ ವೀಸಾ ಪಡೆದನೆಂದು ಅಮೆರಿಕದವರು ತೀರ್ಮಾನಿಸಿದರೆ ಜೀವಮಾನವಿಡೀ ಆ ದೇಶದ ಬಾಗಿಲು ಮುಚ್ಚಬಹುದು.

ಯಾರಿಗೆ ಯಾವುದು?

ಅಮೆರಿಕದ ಲೆಕ್ಕವನ್ನೇ ಸರಳವಾಗಿ ಹೇಳುತ್ತೇನೆ.

ಎಚ್-1ಬಿ: 1990ರ ಕಾಯಿದೆಯಿಂದ ಬಂದದ್ದು. ಪದವಿ ಬೇಕೇ ಬೇಕಾದ ಕೆಲಸಕ್ಕೆ, ಅದೇ ವಿಷಯದ ಪದವಿ ಇದ್ದವನಿಗೆ. ಕಾಲೇಜು ಅರೆಬರೆಯಾದವನಿಗೆ 3 ವರ್ಷದ ಅನುಭವವನ್ನು 1 ವರ್ಷದ ಓದಿಗೆ ಸಮ ಹಿಡಿಯುವ ಲೆಕ್ಕವಿದೆ. ಪಿಯುಸಿ ಬಿಟ್ಟ ನನ್ನಂಥವನು ಆ ಲೆಕ್ಕ ಹಾಕುತ್ತಾ ಕೂತರೆ ತಲೆ ನರೆತೀತು! ವರ್ಷಕ್ಕೆ 65,000, ಅಮೆರಿಕದಲ್ಲೇ ಮಾಸ್ಟರ್ಸ್ ಓದಿದವರಿಗೆ ಇನ್ನೂ 20,000. ಅರ್ಜಿ ಹೆಚ್ಚು ಬಂದರೆ ಲಾಟರಿ. 3 ವರ್ಷ, ಮತ್ತೆ 3 ವರ್ಷ. ಅರ್ಜಿ ಹಾಕುವವನು ಹುಡುಗನಲ್ಲ, ಅಲ್ಲಿನ ಕಂಪನಿ. ‘ನಾನೇ ಎಚ್-1ಬಿ ಕೊಡಿಸುತ್ತೇನೆ, ದುಡ್ಡು ಇಡಿ’ ಎನ್ನುವ ದಲ್ಲಾಳಿಯನ್ನು ಅಂಗಡಿ ಕಟ್ಟೆಯಿಂದಲೇ ಇಳಿಸಿ.

ಈ ದಾರಿ ದುಬಾರಿಯೂ ಆಗಿದೆ. 2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಘೋಷಣೆಯಂತೆ, ಆ ದೇಶದ ಹೊರಗಿರುವ ಹೊಸಬನಿಗೆ ಅರ್ಜಿ ಹಾಕುವ ಕಂಪನಿ 1 ಲಕ್ಷ ಡಾಲರ್ ಕಟ್ಟಬೇಕು. ಅಂದಿನ ದರದಲ್ಲಿ ಸುಮಾರು 88 ಲಕ್ಷ ರೂಪಾಯಿ. ಮೊದಲಿಗೆ ಇದು 12 ತಿಂಗಳಿಗೆಂದು ಬಂದ ಆಜ್ಞೆ. ಇಂಥ ಆಜ್ಞೆಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಅರ್ಜಿ ಹಾಕುವ ದಿನ ಏನಿದೆ ಎಂದು ವಿಚಾರಿಸಿಯೇ ಮುಂದುವರಿಯಬೇಕು.

ಎಲ್-1: ಇಲ್ಲಿನ ಶಾಖೆಯಿಂದ ಅದೇ ಕಂಪನಿಯ ಅಲ್ಲಿನ ಶಾಖೆಗೆ ವರ್ಗ. ಹಿಂದಿನ 3 ವರ್ಷದಲ್ಲಿ ಸತತ 1 ವರ್ಷ ಆ ಕಂಪನಿಯಲ್ಲಿ ದುಡಿದಿರಬೇಕು. ಮ್ಯಾನೇಜರಿಗೆ 7 ವರ್ಷ, ಕಂಪನಿಯ ವಿಶೇಷ ಜ್ಞಾನವುಳ್ಳವನಿಗೆ 5 ವರ್ಷ. ಲಾಟರಿ ಇಲ್ಲ. ಆದರೆ ಕಂಪನಿ ಬಿಟ್ಟರೆ ವೀಸಾವೂ ಹೋಯಿತು.

ಎಫ್-1: ಓದಲು ಹೋಗುವವನಿಗೆ. ಓದು ಮುಗಿದ ಮೇಲೆ ಅದೇ ವಿಷಯದಲ್ಲಿ 12 ತಿಂಗಳು ಕೆಲಸ ಕಲಿಯುವ ಅವಕಾಶ, ಎಂಜಿನಿಯರಿಂಗ್, ವಿಜ್ಞಾನದವರಿಗೆ ಇನ್ನೂ 24 ತಿಂಗಳು ಎಂಬ ನಿಯಮ ಮಾಡಿದ್ದಾರೆ. ಹೊಲ ಅಡವಿಟ್ಟು ಮಗನನ್ನು ಓದಲು ಕಳಿಸುವ ಅಪ್ಪ, ಸಾಲದ ಕಂತನ್ನು ಈ ತಿಂಗಳುಗಳ ಜೊತೆ ತಾಳೆ ಹಾಕಿ ನೋಡಬೇಕು.

ಅಮೆರಿಕವೊಂದೇ ದೇಶವಲ್ಲ. ಜರ್ಮನಿಯ ಬ್ಲೂ ಕಾರ್ಡ್ ಎಂಬುದು 2023ರ ನವೆಂಬರಿನಿಂದ ಪದವಿ ಇಲ್ಲದ ಕಂಪ್ಯೂಟರ್ ಕೆಲಸಗಾರನಿಗೂ ಬಾಗಿಲು ತೆರೆಯಿತು. ಹಿಂದಿನ 7 ವರ್ಷದಲ್ಲಿ 3 ವರ್ಷ ಪಳಗಿರಬೇಕು, ಗೊತ್ತುಮಾಡಿದಷ್ಟು ಸಂಬಳದ ಕೆಲಸ ಮೊದಲೇ ಕೈಯಲ್ಲಿರಬೇಕು.

ಹೆಣ್ಣು ಹೆತ್ತವರಿಗೂ ಒಂದು ಮಾತು. ವರ ಅಮೆರಿಕದಲ್ಲಿದ್ದಾನೆ ಎಂದ ಕೂಡಲೆ ತಾಂಬೂಲ ಬದಲಿಸಬೇಡಿ. ಎಲ್-1ನವನ ಹೆಂಡತಿ ಅಲ್ಲಿ ದುಡಿಯಬಹುದು. ಎಚ್-1ಬಿಯವನ ಹೆಂಡತಿಗೆ, 2015ರ ನಿಯಮದ ಪ್ರಕಾರ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಆ ಅವಕಾಶ. ಎಂ.ಸಿ.ಎ. ಓದಿದ ಮಗಳು ವರ್ಷಗಟ್ಟಲೆ ಅಡಿಗೆಮನೆ ಕಾಯಬೇಕಾದೀತು.

ಹಾಡುವವರ ಊರಿನ ಪಾಠ

ರುದ್ರಪಟ್ಟಣ ಸಂಗೀತದ ಊರು. 1920ರಲ್ಲಿ ಇಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರ ಹೆಸರು ಕೇಳದ ಸಂಗೀತಪ್ರೇಮಿ ಇಲ್ಲ. ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಕಟ್ಟಿಸಿದ ತಂಬೂರಿ ಆಕಾರದ ಮಂದಿರ ನೋಡಲು ಇಂದಿಗೂ ಜನ ಬರುತ್ತಾರೆ. ಇಂಥ ಊರಿನ ವಿದ್ವಾಂಸರೊಬ್ಬರು ಅಮೆರಿಕದಲ್ಲಿ ಸಂಭಾವನೆ ಪಡೆದು ಕಚೇರಿ ಮಾಡಬೇಕಾದರೆ ಪ್ರವಾಸಿ ವೀಸಾ ಸಾಲದು. ಒಂದು ನಾಡಿನ ವಿಶಿಷ್ಟ ಕಲೆಯವರಿಗೆಂದೇ ಪಿ-3 ಎಂಬ ವರ್ಗವಿದೆ. ಅದೇ ಮನೆಯ ಮಗ ಸಾಫ್ಟ್‌ವೇರ್ ಕೆಲಸಕ್ಕೆ ಹೊರಟರೆ ಪಿ-3 ನಡೆಯದು. ಒಂದೇ ಮನೆ, ಒಂದೇ ವಿಮಾನ, ಬೇರೆ ಬೇರೆ ವೀಸಾ. ಹೋಗುವ ದೇಶ ನೋಡಿ ಅಲ್ಲ, ಅಲ್ಲಿ ಮಾಡುವ ಕೆಲಸ ನೋಡಿ ವೀಸಾ. ಇದೊಂದು ತಿಳಿದರೆ ಅರ್ಧ ಮೋಸ ತಪ್ಪಿತು.

ದುಡ್ಡು ಬಿಚ್ಚುವ ಮುಂಚೆ

ಉಳಿದರ್ಧಕ್ಕೆ ನಾಲ್ಕು ಪ್ರಶ್ನೆ ಸಾಕು. ಒಂದು, ವೀಸಾ ವರ್ಗದ ಹೆಸರೇನು, ಬರೆದು ಕೊಡಿ. ಎರಡು, ಕೆಲಸದ ಕಾಗದದಲ್ಲಿರುವ ಕೆಲಸವೂ ಆ ವರ್ಗದಲ್ಲಿ ಮಾಡಬಹುದಾದ ಕೆಲಸವೂ ಒಂದೇ ಏನು? ಮೂರು, ಅರ್ಜಿ ಹಾಕುವ ಕಂಪನಿ ಯಾವುದು, ವಿಳಾಸವೇನು? ನಾಲ್ಕು, ಏಜೆಂಟನ ನೋಂದಣಿ ಸಂಖ್ಯೆ ಎಷ್ಟು? 1983ರ ವಲಸೆ ಕಾಯಿದೆಯಂತೆ ಹೊರದೇಶದ ಕೆಲಸಕ್ಕೆ ಜನ ಸೇರಿಸುವವನು ಸರ್ಕಾರದಲ್ಲಿ ನೋಂದಾಯಿಸಿರಬೇಕು. ಅವನು ಪಡೆಯಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ, ಅದಕ್ಕೂ ರಸೀದಿ ಕೊಡಬೇಕು ಎಂದು ನಿಯಮ ಹೇಳುತ್ತದೆ. ಒಂದೂವರೆ ಲಕ್ಷ ಎಲ್ಲಿಂದ ಬಂತು?

ಅಂಗಡಿ ಯಜಮಾನರ ಮಗ ಈ ನಾಲ್ಕನ್ನೂ ಏಜೆಂಟನಿಗೆ ಬರೆದು ಕಳಿಸಿದ. ‘ಇಷ್ಟೆಲ್ಲ ಕೇಳುವವರಿಗೆ ಕೆಲಸ ಇಲ್ಲ, ನಿಮ್ಮ ಸೀಟು ಬೇರೆಯವರಿಗೆ ಕೊಟ್ಟಾಯ್ತು’ ಎಂದು ಉತ್ತರ ಬಂತು.

ಹುಡುಗ ಈಗ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ. ಬಂದ ಭಾಗ್ಯ ನಾನು ಕೆಡಿಸಿದೆನೆಂದು ಅವನ ಸಿಟ್ಟು. ಇರಲಿ. ಕೆಲಸವಿಲ್ಲದೆ ಕೂತವನ ಸಂಕಟ ಕೂತವನಿಗೇ ಗೊತ್ತು. ಆ ಸಂಕಟವನ್ನೇ ಬಂಡವಾಳ ಮಾಡಿಕೊಂಡವರು ಇದ್ದಾರೆ ಎಂಬುದು ಅವನಿಗೆ ಒಂದು ದಿನ ತಿಳಿದೀತು.

‘ದುಡ್ಡೇನು ಮಾಡಿದ್ರಿ ಯಜಮಾನ್ರೇ?’ ಎಂದು ನಿನ್ನೆ ಕೇಳಿದೆ.

‘ಬ್ಯಾಂಕಿಗೆ ಹಾಕ್ದೆ ಕಣಪ್ಪ. ಸರಿಯಾದ ಟಿಕೆಟ್ ಸಿಕ್ಕಿದ ದಿನ ತೆಗೀತೀನಿ’ ಎಂದರು. ಒಳಗೆ ಮಗ ಸಕ್ಕರೆ ಪೊಟ್ಟಣ ಕಟ್ಟುತ್ತಿದ್ದ. ಬಸ್ಸು ಬಂತು, ನಾನು ಹತ್ತಿದೆ.